ತಳದಿಂದ ಅಳೆಯುವ ಗಾಳ: ಬ್ಯಾಸ್ ಮೀನಿಗೆ ಡ್ರಾಪ್ ಶಾಟ್

ಕೆರೆ ಹೊಳೆಗಳಲ್ಲಿ ಗಾಳ ಹಾಕುವ ನಮ್ಮ ನಾಡಿನ ರೂಢಿಯಲ್ಲಿ ಎರೆಯನ್ನು ಬೇಕಾದ ಆಳದಲ್ಲಿ ನಿಲ್ಲಿಸುವುದು ನೀರಿನ ಮೇಲೆ ತೇಲುವ ಬೆಂಡಿನ ಕೆಲಸ. ದಾರಕ್ಕೆ ಕಟ್ಟಿದ ಸೀಸದ ಚೂರು ಎರೆಯನ್ನು ಕೆಳಕ್ಕೆ ಎಳೆಯುತ್ತಿದ್ದರೆ ಬೆಂಡು ಅದನ್ನು ಮೇಲಿನಿಂದ ತಡೆದು ಹಿಡಿದಿರುತ್ತದೆ, ಹೀಗಾಗಿ ಎರೆಯ ಸ್ಥಾನವನ್ನು ಅಳೆಯುವುದು ಯಾವಾಗಲೂ ನೀರಿನ ಮೇಲ್ಮೈಯಿಂದ. ಆದರೆ ಎಷ್ಟೋ ಜಾತಿಯ ಮೀನುಗಳು ಬದುಕುವುದು ಮೇಲ್ಮೈಯನ್ನು ನೋಡಿಕೊಂಡಲ್ಲ, ತಳವನ್ನು ನೋಡಿಕೊಂಡು; ತಳದ ಬಂಡೆ, ದಿಬ್ಬ, ಮುಳುಗಿದ ಮರ, ಜೊಂಡಿನ ಅಂಚು ಇವೇ ಅವುಗಳ ನೆಲೆಗಳು, ಮತ್ತು ಆ ತಳ ಒಂದು ಕಡೆ ಮೂರು ಮೀಟರ್ ಆಳದಲ್ಲಿದ್ದರೆ ಹತ್ತು ಹೆಜ್ಜೆ ಆಚೆ ಎಂಟು ಮೀಟರ್ ಆಳದಲ್ಲಿರುತ್ತದೆ. ಡ್ರಾಪ್ ಶಾಟ್ ಎಂಬ ವಿಧಾನ ಈ ಅಳತೆಯನ್ನೇ ತಲೆಕೆಳಗು ಮಾಡುತ್ತದೆ. ಇದರಲ್ಲಿ ಭಾರವನ್ನು ದಾರದ ಕಟ್ಟಕಡೆಗೆ ಕಟ್ಟಿ, ಕೊಕ್ಕೆಯನ್ನು ಅದಕ್ಕಿಂತ ಒಂದು ಗೇಣೋ ಎರಡು ಗೇಣೋ ಮೇಲೆ ದಾರದ ನಡುವೆಯೇ ಬಿಗಿಯಲಾಗುತ್ತದೆ. ಭಾರ ತಳ ಮುಟ್ಟಿ ನಿಂತಾಗ ಎರೆಯು ತಳದಿಂದ ಅಷ್ಟೇ ಎತ್ತರದಲ್ಲಿ, ನೀರು ಎಷ್ಟೇ ಆಳವಿರಲಿ, ತೂಗಿಕೊಂಡು ನಿಲ್ಲುತ್ತದೆ. ಈ ಒಂದು ಬದಲಾವಣೆಯನ್ನು ಸರಿಯಾಗಿ ಅರ್ಥ ಮಾಡಿಕೊಂಡವರಿಗೆ ಉಳಿದ ಸಂಗತಿಗಳೆಲ್ಲ, ಅಂದರೆ ಕೋಲಿನ ಆಯ್ಕೆಯಿಂದ ಹಿಡಿದು ಕೈಯ ಚಲನೆಯವರೆಗೆ ಎಲ್ಲವೂ, ಅದರಿಂದಲೇ ಹುಟ್ಟುವುದು ಕಾಣುತ್ತದೆ.

ಈ ವಿಧಾನ ಬೆಳೆದದ್ದು ಬ್ಯಾಸ್ ಮೀನಿನ ಬೆನ್ನುಹತ್ತಿ. ಬ್ಯಾಸ್ ಎಂಬ ಹೆಸರಿನಲ್ಲಿ ಕಡಲಿನ ಹಲವು ಮೀನುಗಳಿದ್ದರೂ ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕದ ಸಿಹಿನೀರಿನ ಮೈಕ್ರಾಪ್ಟೆರಸ್ ಕುಲವನ್ನು. ಸನ್‌ಫಿಶ್ ಕುಟುಂಬಕ್ಕೆ ಸೇರಿದ ಈ ಕುಲದಲ್ಲಿ ದೊಡ್ಡ ಬಾಯಿಯ ಲಾರ್ಜ್‌ಮೌತ್, ಚಿಕ್ಕ ಬಾಯಿಯ ಸ್ಮಾಲ್‌ಮೌತ್ ಮತ್ತು ಚುಕ್ಕೆಗಳ ಸ್ಪಾಟೆಡ್ ಎಂಬ ಮೂರು ಬಗೆಗಳು ಗಾಳಗಾರರಿಗೆ ಹೆಚ್ಚು ಪರಿಚಿತ. ಲಾರ್ಜ್‌ಮೌತ್ ಬೆಚ್ಚನೆಯ, ಜೊಂಡು ಬೆಳೆದ, ನಿಂತ ನೀರನ್ನು ಇಷ್ಟಪಟ್ಟರೆ ಸ್ಮಾಲ್‌ಮೌತ್ ತಂಪಾದ, ತಿಳಿಯಾದ, ಕಲ್ಲುಹಾಸಿನ ನೀರಿನಲ್ಲಿ ನೆಲೆಸುತ್ತದೆ. ಇವೆಲ್ಲ ಬೇಟೆಯಾಡುವ ಮೀನುಗಳು, ಆದರೆ ದಣಿವರಿಯದೆ ಬೆನ್ನಟ್ಟುವ ಜಾತಿಯವಲ್ಲ. ಮರೆಯೊಂದರ ಪಕ್ಕ ನಿಂತು, ಹತ್ತಿರ ಬಂದ ಸಣ್ಣ ಮೀನನ್ನೋ ಸಿಗಡಿಯಂಥ ಕ್ರೇಫಿಶನ್ನೋ ಒಮ್ಮೆಲೇ ಬಾಯಿ ತೆರೆದು ನೀರಿನ ಸಮೇತ ಒಳಕ್ಕೆ ಹೀರಿಕೊಳ್ಳುವುದು ಅವುಗಳ ಮುಖ್ಯ ಕ್ರಮ. ಹೊಟ್ಟೆ ತುಂಬಿದ, ಚಳಿಯಿಂದ ಜಡಗೊಂಡ ಅಥವಾ ಗಾಳದ ಕಾಟದಿಂದ ಎಚ್ಚರಗೊಂಡ ಬ್ಯಾಸ್ ತನ್ನ ಮುಂದೆ ವೇಗವಾಗಿ ಹಾದುಹೋಗುವ ಯಾವುದನ್ನೂ ಮುಟ್ಟುವುದಿಲ್ಲ, ಆದರೆ ಮೂತಿಯೆದುರೇ ನಿಂತು ಸಣ್ಣಗೆ ಮಿಸುಕಾಡುವ ತುತ್ತನ್ನು ಬಹಳ ಹೊತ್ತು ತಡೆದುಕೊಳ್ಳಲಾರದು ಎಂಬುದು ಈ ವಿಧಾನದ ತಳಹದಿ.

ಗಾಳದ ಕಾಟ ಎಂಬ ಮಾತು ಇಲ್ಲಿ ಉತ್ಪ್ರೇಕ್ಷೆಯಲ್ಲ. ಅಮೆರಿಕದಲ್ಲಿ ಬ್ಯಾಸ್ ಹಿಡಿಯುವುದು ವ್ಯವಸ್ಥಿತ ಕ್ರೀಡೆಯಾಗಿ ಬೆಳೆದದ್ದು 1967ರಲ್ಲಿ ರೇ ಸ್ಕಾಟ್ ಎಂಬಾತ ಆರ್ಕನ್ಸಾ ರಾಜ್ಯದ ಬೀವರ್ ಸರೋವರದಲ್ಲಿ ಪಂದ್ಯ ನಡೆಸಿ, ಮರುವರ್ಷ ಬ್ಯಾಸ್ ಗಾಳಗಾರರ ಸಂಘವೊಂದನ್ನು ಕಟ್ಟಿದ ಮೇಲೆ. ಹಿಡಿದ ಮೀನನ್ನು ಜೀವಂತವಾಗಿ ನೀರಿಗೆ ಮರಳಿಸುವ ಪದ್ಧತಿಯನ್ನೂ ಅದೇ ಸಂಘ 1972ರಿಂದ ಪಂದ್ಯಗಳೊಳಗೆ ತಂದಿತು. ಮೀನು ಉಳಿಯಿತು, ಆದರೆ ಉಳಿದ ಮೀನು ಒಮ್ಮೆ ಸಿಕ್ಕಿಬಿದ್ದು ಬಂದದ್ದಾಗಿತ್ತು, ಮತ್ತೆ ಮತ್ತೆ ಅದೇ ಬಣ್ಣದ, ಅದೇ ಸದ್ದಿನ ಹುಸಿ ಎರೆಗಳನ್ನು ನೋಡಿದ್ದಾಗಿತ್ತು. ಇದೇ ಸ್ಥಿತಿ ಜಪಾನಿನಲ್ಲಿ ಇನ್ನೂ ತೀವ್ರವಾಗಿ ಕಾಣಿಸಿಕೊಂಡಿತು. ಅಲ್ಲಿಗೆ ಲಾರ್ಜ್‌ಮೌತ್ ಬ್ಯಾಸ್ ಬಂದದ್ದು 1925ರಲ್ಲಿ, ಅಕಾಬೋಶಿ ತೆತ್ಸುಮಾ ಎಂಬ ಉದ್ಯಮಿ ಅಮೆರಿಕದಿಂದ ತರಿಸಿ ಆಶಿ ಸರೋವರದಲ್ಲಿ ಬಿಟ್ಟಾಗ. ಮುಂದೆ ಅದು ದೇಶದುದ್ದಕ್ಕೂ ಹರಡಿ, ಚಿಕ್ಕ ಸರೋವರಗಳ ದಡದಲ್ಲಿ ಗಾಳಗಾರರು ಸಾಲುಗಟ್ಟಿ ನಿಲ್ಲುವ ಕಾಲ ಬಂತು. ಆ ಇಕ್ಕಟ್ಟಿನಲ್ಲಿ ಹಗುರ ದಾರ, ಚಿಕ್ಕ ಎರೆ, ನಿಧಾನ ಚಲನೆಗಳನ್ನು ನಂಬಿದ ನಾಜೂಕು ಗಾಳಗಾರಿಕೆಯೊಂದು ಬೆಳೆಯಿತು. ಭಾರವನ್ನು ಕೆಳಗೂ ಕೊಕ್ಕೆಯನ್ನು ಮೇಲೂ ಕಟ್ಟುವುದು ಕಡಲ ಮೀನುಗಾರರಿಗೆ ಹಿಂದಿನಿಂದಲೂ ಗೊತ್ತಿದ್ದ ಕ್ರಮವೇ ಆದರೂ, ಅದನ್ನು ಬ್ಯಾಸ್ ಮೀನಿನ ಎಚ್ಚರಕ್ಕೆ ತಕ್ಕಂತೆ ತೆಳುಗೊಳಿಸಿ ಒಂದು ವಿಧಾನವಾಗಿ ರೂಪಿಸಿದ ಶ್ರೇಯಸ್ಸು ಜಪಾನೀಯರಿಗೆ ಸಲ್ಲಬೇಕು. 1990ರ ದಶಕದ ಕೊನೆಯ ಹೊತ್ತಿಗೆ ಅದು ಕ್ಯಾಲಿಫೋರ್ನಿಯಾದ ಆಳವಾದ, ತಿಳಿನೀರಿನ ಜಲಾಶಯಗಳನ್ನು ತಲುಪಿತು. ಅಲ್ಲಿ ಬೆಳೆದ ಆರನ್ ಮಾರ್ಟೆನ್ಸ್ ಅದನ್ನು ದೊಡ್ಡ ಪಂದ್ಯಗಳಿಗೆ ಒಯ್ದು ಹೆಸರು ಮಾಡಿದರು. ವರ್ಷದ ಶ್ರೇಷ್ಠ ಗಾಳಗಾರ ಎಂಬ ಗೌರವವನ್ನು ಮೂರು ಬಾರಿ ಪಡೆದ ಅವರು 2021ರಲ್ಲಿ ತೀರಿಕೊಂಡರು.

ಸಾಮಗ್ರಿಯ ವಿಷಯದಲ್ಲಿ ಹೊಸಬರು ಮೊದಲು ಗಮನಿಸಬೇಕಾದದ್ದು ಹಗುರತನ. ಸುಮಾರು 2.1 ಮೀಟರ್ ಉದ್ದದ, ತುದಿ ಬೇಗ ಬಾಗುವ ಆದರೆ ಬುಡ ಗಟ್ಟಿಯಾಗಿರುವ ಸ್ಪಿನ್ನಿಂಗ್ ಕೋಲು ಇದಕ್ಕೆ ಒಪ್ಪುತ್ತದೆ. ಸ್ಪಿನ್ನಿಂಗ್ ಎಂದರೆ ರೀಲು ಕೋಲಿನ ಕೆಳಗೆ ತೂಗಿರುವ, ದಾರ ಸುರುಳಿಯ ಬಾಯಿಯಿಂದ ಸಡಿಲವಾಗಿ ಬಿಚ್ಚಿಕೊಳ್ಳುವ ಬಗೆ, ಮತ್ತು ಕೆಲವೇ ಗ್ರಾಂ ತೂಗುವ ಎರೆಯನ್ನು ದೂರ ಎಸೆಯಲು ಅದಕ್ಕಿಂತ ಅನುಕೂಲವಾದದ್ದಿಲ್ಲ. ಅಂಗಡಿಗಳಲ್ಲಿ 2500 ಎಂಬ ಸಂಖ್ಯೆ ಹೊತ್ತ ಮಧ್ಯಮ ಗಾತ್ರದ ರೀಲು ಸಾಕಾಗುತ್ತದೆ. ದಾರದ ವಿಷಯ ಮಾತ್ರ ಸ್ವಲ್ಪ ವಿವರವಾಗಿ ನೋಡತಕ್ಕದ್ದು, ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ಗುಣದ ದಾರಗಳನ್ನು ಒಂದಕ್ಕೊಂದು ಗಂಟು ಹಾಕಿ ಬಳಸುವುದು ಇಂದಿನ ರೂಢಿ. ರೀಲಿನ ಮೇಲೆ ಸುತ್ತುವುದು ಪಾಲಿಎಥಿಲೀನ್ ಎಳೆಗಳನ್ನು ಜಡೆಯಂತೆ ಹೆಣೆದು ಮಾಡಿದ ಬ್ರೇಡ್ ದಾರ. ಅದು ಎಳೆದರೆ ಹಿಗ್ಗುವುದಿಲ್ಲ, ಆದ್ದರಿಂದ ಹತ್ತು ಮೀಟರ್ ಆಳದಲ್ಲಿ ಮೀನು ಎರೆಯನ್ನು ಸೋಕಿದರೂ ಆ ಸೋಂಕು ಕೈಗೆ ಬರುತ್ತದೆ. ಆದರೆ ಬ್ರೇಡ್ ನೀರಿನಲ್ಲಿ ಎದ್ದು ಕಾಣುತ್ತದೆ, ಕಲ್ಲಿಗೆ ಉಜ್ಜಿದರೆ ಹರಿಯುತ್ತದೆ, ಮತ್ತು ನೀರಿಗಿಂತ ಹಗುರವಾದ್ದರಿಂದ ತೇಲುತ್ತದೆ. ಅದಕ್ಕಾಗಿ ಎರೆಯ ಕಡೆಯ ಎರಡು ಮೂರು ಮೀಟರ್ ಭಾಗಕ್ಕೆ ಫ್ಲೋರೋಕಾರ್ಬನ್ ಎಂಬ ಒಂಟಿ ಎಳೆಯ ದಾರವನ್ನು ಜೋಡಿಸುತ್ತಾರೆ. ಈ ತುಂಡಿಗೆ ಲೀಡರ್ ಎಂದು ಹೆಸರು. ನೀರಿನ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಪ್ರಮಾಣ, 1.33, ಸಾಮಾನ್ಯ ನೈಲಾನಿನದು ಸುಮಾರು 1.53 ಇದ್ದರೆ ಫ್ಲೋರೋಕಾರ್ಬನ್ನಿನದು 1.42ರ ಆಸುಪಾಸು. ಹೀಗೆ ನೀರಿಗೆ ಹತ್ತಿರದ ಅಂಕ ಹೊಂದಿರುವುದರಿಂದ ಅದು ಮೀನಿನ ಕಣ್ಣಿಗೆ ಕಡಿಮೆ ಕಾಣುತ್ತದೆ, ನೀರಿಗಿಂತ ಸಾಕಷ್ಟು ಭಾರವಾದ್ದರಿಂದ ಮುಳುಗುತ್ತದೆ, ಕಲ್ಲಿನ ಉಜ್ಜುವಿಕೆಯನ್ನೂ ತಾಳುತ್ತದೆ. ಲೀಡರಿಗೆ ಮೂರು ಕಿಲೋಗ್ರಾಂ ಆಸುಪಾಸಿನ ಎಳೆತ ತಡೆಯುವ ದಾರ, ಮೂಲ ದಾರಕ್ಕೆ ಅದಕ್ಕಿಂತ ಒಂದೂವರೆ ಪಟ್ಟು ಬಲದ ಬ್ರೇಡ್ ಎಂಬ ಜೋಡಿ ಆರಂಭಕ್ಕೆ ತಕ್ಕುದು. ಹೀಗಿದ್ದರೆ ಎಲ್ಲಾದರೂ ಸಿಕ್ಕಿಕೊಂಡಾಗ ಹರಿಯುವುದು ಲೀಡರೇ, ಹತ್ತಾರು ಮೀಟರ್ ಬ್ರೇಡ್ ನೀರಿನಲ್ಲಿ ಉಳಿದುಹೋಗುವುದಿಲ್ಲ.

ಕೊಕ್ಕೆ ಚಿಕ್ಕದಾಗಿರಬೇಕು. ಕೊಕ್ಕೆಗಳ ಸಂಖ್ಯಾಕ್ರಮ ಹೊಸಬರನ್ನು ಗೊಂದಲಕ್ಕೆ ಬೀಳಿಸುವಂಥದ್ದು: 1, 2, 4 ಎಂದು ಅಂಕ ಏರಿದಂತೆ ಕೊಕ್ಕೆ ಚಿಕ್ಕದಾಗುತ್ತದೆ, ಆದರೆ 1/0, 2/0 ಎಂದು ಸೊನ್ನೆ ಸೇರಿದ ಅಂಕ ಏರಿದಂತೆ ದೊಡ್ಡದಾಗುತ್ತದೆ. ಡ್ರಾಪ್ ಶಾಟಿಗೆ 2 ಅಥವಾ 1ರ ಅಳತೆಯ, ಬಾಯಿ ಅಗಲವಿರುವ, ತೆಳು ತಂತಿಯ ಕೊಕ್ಕೆ ಹೆಚ್ಚಿನ ಸಂದರ್ಭಗಳಿಗೆ ಸಾಕು. ಅದನ್ನು ಕಟ್ಟುವ ಗಂಟಿಗೆ ಪಾಲೊಮಾರ್ ಎಂದು ಹೆಸರು, ಮತ್ತು ಇಡೀ ವಿಧಾನದಲ್ಲಿ ಕೈಯಿಂದ ಕಲಿಯಲೇಬೇಕಾದ ಕುಶಲತೆ ಇದೊಂದೇ. ದಾರದ ತುದಿಯಿಂದ ಒಂದು ಮೊಳದಷ್ಟು ಬಿಟ್ಟು ದಾರವನ್ನು ಮಡಚಿ, ಆ ಮಡಿಕೆಯನ್ನು ಕೊಕ್ಕೆಯ ಕಣ್ಣಿನೊಳಗೆ ಹಾಯಿಸಿ, ಮಡಿಕೆಯ ಜೋಡಿದಾರದಿಂದಲೇ ಒಂದು ಸಡಿಲವಾದ ಸಾದಾ ಗಂಟು ಹಾಕಿ, ಗಂಟಿನಾಚೆ ಉಳಿದ ಕುಣಿಕೆಯೊಳಗಿಂದ ಕೊಕ್ಕೆಯನ್ನು ಪೂರ್ತಿ ದಾಟಿಸಬೇಕು. ಆಮೇಲೆ ದಾರವನ್ನು ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಿ ಎರಡೂ ತುದಿಗಳನ್ನು ಒಟ್ಟಿಗೆ ಎಳೆದು ಬಿಗಿಯಬೇಕು. ಒದ್ದೆ ಮಾಡುವುದನ್ನು ಬಿಡಬಾರದು, ಏಕೆಂದರೆ ಒಣ ದಾರ ಬಿಗಿಯುವಾಗ ಉಜ್ಜಿ ಬಿಸಿಯಾಗುತ್ತದೆ, ಬಿಸಿಯಾದ ಜಾಗದಲ್ಲಿಯೇ ಮುಂದೆ ಹರಿಯುತ್ತದೆ. ಗಂಟಿನ ನಂತರ ಕೆಳಗೆ ಉಳಿದ ಉದ್ದನೆಯ ತುದಿಯನ್ನು ಕತ್ತರಿಸದೆ, ಕೊಕ್ಕೆಯ ಮೊನೆ ಇರುವ ಬದಿಯಿಂದ ಮತ್ತೊಮ್ಮೆ ಕಣ್ಣಿನೊಳಗೆ ಕೆಳಮುಖವಾಗಿ ಹಾಯಿಸಿದರೆ ಕೊಕ್ಕೆಯು ದಾರಕ್ಕೆ ಅಡ್ಡವಾಗಿ, ಮೊನೆ ಮೇಲಾಗಿ ಚಾಚಿಕೊಂಡು ನಿಲ್ಲುತ್ತದೆ. ಈ ಕೊನೆಯ ಹಾಯಿಕೆಯನ್ನು ಮರೆತರೆ ಕೊಕ್ಕೆ ದಾರಕ್ಕೆ ಅಂಟಿಕೊಂಡು ಕೆಳಕ್ಕೆ ಜೋತುಬೀಳುತ್ತದೆ. ಆಗ ಎರೆ ಸಹಜವಾಗಿ ಕಾಣುವುದೂ ಇಲ್ಲ, ಮೀನಿನ ಬಾಯಿಗೆ ಮೊನೆ ಚುಚ್ಚುವುದೂ ಇಲ್ಲ. ಮನೆಯಲ್ಲಿ ಹತ್ತಾರು ಬಾರಿ ಕಟ್ಟಿ ಬಿಚ್ಚಿ ಕೈಗೆ ರೂಢಿಯಾದ ಮೇಲೆಯೇ ನೀರಿನ ಬಳಿಗೆ ಹೋಗುವುದು ಒಳ್ಳೆಯದು, ಗಾಳಿ ಬೀಸುವ ದೋಣಿಯ ಮೇಲೆ ಕೂದಲಿನಷ್ಟು ತೆಳುವಾದ ದಾರದಲ್ಲಿ ಈ ಗಂಟನ್ನು ಮೊದಲ ಬಾರಿಗೆ ಕಲಿಯಲಾಗುವುದಿಲ್ಲ.

ದಾರದ ಕೆಳತುದಿಗೆ ಬರುವ ಭಾರದ ತಲೆಯಲ್ಲಿ ಕಿರಿದಾಗುತ್ತ ಹೋಗುವ ಒಂದು ತಂತಿಯ ಬಳೆಯಿರುತ್ತದೆ. ದಾರವನ್ನು ಅದರೊಳಗೆ ತೂರಿಸಿ ಮೇಲಕ್ಕೆ ಎಳೆದರೆ ಕಚ್ಚಿಕೊಳ್ಳುತ್ತದೆ, ಗಂಟು ಬೇಕಾಗುವುದಿಲ್ಲ. ಇದರಿಂದ ಎರಡು ಲಾಭಗಳಿವೆ. ಭಾರವನ್ನು ಮೇಲೆ ಕೆಳಗೆ ಸರಿಸಿ ಎರೆಯ ಎತ್ತರವನ್ನು ಕ್ಷಣದಲ್ಲಿ ಬದಲಿಸಬಹುದು, ಮತ್ತು ಭಾರ ಕಲ್ಲಿನ ಸಂದಿಗೆ ಸಿಕ್ಕಿಕೊಂಡಾಗ ಜೋರಾಗಿ ಎಳೆದರೆ ಭಾರವೊಂದೇ ಕಳಚಿ ಉಳಿದದ್ದು ಕೈಗೆ ಬರುತ್ತದೆ. ಆಳ ಕಡಿಮೆಯಿದ್ದು ಗಾಳಿಯಿಲ್ಲದಿದ್ದರೆ ಐದು ಗ್ರಾಂ, ಆರರಿಂದ ಒಂಬತ್ತು ಮೀಟರ್ ಆಳಕ್ಕೆ ಏಳರಿಂದ ಹತ್ತು ಗ್ರಾಂ ಎಂಬುದು ಸ್ಥೂಲವಾದ ಲೆಕ್ಕ. ತಳವನ್ನು ಸ್ಪಷ್ಟವಾಗಿ ತಿಳಿಸುವ ಅತಿ ಕಡಿಮೆ ತೂಕವೇ ಸರಿಯಾದ ತೂಕ. ಉದ್ದನೆಯ ಕಡ್ಡಿಯಾಕಾರದ ಭಾರ ಜೊಂಡು, ಬಂಡೆಗಳ ಸಂದಿನಲ್ಲಿ ನುಸುಳಿ ಬರುತ್ತದೆ, ದುಂಡನೆಯದು ಬಯಲು ತಳಕ್ಕೆ ಒಪ್ಪುತ್ತದೆ.

ಭಾರ ಹೀಗೆ ಸುಲಭವಾಗಿ ಕಳಚುವುದರಿಂದ ಅದು ಯಾವ ಲೋಹದ್ದು ಎಂಬ ಪ್ರಶ್ನೆ ಈ ವಿಧಾನದಲ್ಲಿ ಬೇರೆಲ್ಲಕ್ಕಿಂತ ಮುಖ್ಯವಾಗುತ್ತದೆ. ಸೀಸ ವಿಷ. ನೀರಿನಲ್ಲಿ ಮುಳುಗಿ ಮೀನು ಹಿಡಿಯುವ ಲೂನ್ ಎಂಬ ಹಕ್ಕಿಗಳು ಆಹಾರವನ್ನು ಅರೆಯುವುದಕ್ಕಾಗಿ ತಳದ ಸಣ್ಣ ಕಲ್ಲುಗಳನ್ನು ನುಂಗುತ್ತವೆ, ಆಗ ಕಲ್ಲೆಂದು ಸೀಸದ ಗುಂಡನ್ನೂ ನುಂಗುತ್ತವೆ, ಒಂದೇ ಒಂದು ಗುಂಡು ಒಂದು ಹಕ್ಕಿಯನ್ನು ಕೊಲ್ಲಲು ಸಾಕು. ಬ್ರಿಟನ್ ತನ್ನ ಹಂಸಗಳ ಸಾವಿನಿಂದ ಎಚ್ಚೆತ್ತು 1987ರಲ್ಲಿಯೇ ಸೀಸದ ಸಣ್ಣ ಗಾಳಭಾರಗಳನ್ನು ನಿಷೇಧಿಸಿತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್, ಮೇಯ್ನ್, ವರ್ಮಾಂಟ್ ಮುಂತಾದ ರಾಜ್ಯಗಳಲ್ಲಿಯೂ ನಿರ್ಬಂಧಗಳಿವೆ. ಟಂಗ್‌ಸ್ಟನ್ ಲೋಹದ ಭಾರ ದುಬಾರಿ ಎಂಬುದು ನಿಜ, ಆದರೆ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ, ಸೀಸದ್ದು 11.3, ಹೀಗಾಗಿ ಅಷ್ಟೇ ತೂಕಕ್ಕೆ ಅದು ಬಹಳ ಚಿಕ್ಕದಾಗಿರುತ್ತದೆ, ಸಂದಿಗಳಲ್ಲಿ ಕಡಿಮೆ ಸಿಕ್ಕಿಕೊಳ್ಳುತ್ತದೆ. ಮೆತ್ತನೆಯ ಸೀಸ ತಳವನ್ನು ಮಂಕಾಗಿ ತಿಳಿಸಿದರೆ ಗಟ್ಟಿಯಾದ ಟಂಗ್‌ಸ್ಟನ್ ಕೆಸರು, ಮರಳು, ಕಲ್ಲು ಎಂದು ಬೇರೆ ಬೇರೆಯಾಗಿ ತಿಳಿಸುತ್ತದೆ. ಕಾನೂನು ಇರಲಿ ಇಲ್ಲದಿರಲಿ, ಸೀಸವನ್ನು ಬಿಟ್ಟುಬಿಡುವುದೇ ಸರಿಯಾದ ದಾರಿ.

ಎರೆಯಾಗಿ ಬಳಸುವುದು ಬೆರಳುದ್ದದ ಮೆತ್ತನೆಯ ಪ್ಲಾಸ್ಟಿಕ್ ಹುಳು ಅಥವಾ ಸಣ್ಣ ಮೀನಿನಾಕಾರದ ತುಂಡು. ಅದರ ಮೂತಿಯ ತುದಿಯನ್ನಷ್ಟೇ ಕೊಕ್ಕೆಗೆ ಚುಚ್ಚಿ ಉಳಿದ ಮೈಯನ್ನು ಆಡಲು ಬಿಡುತ್ತಾರೆ. ಜೊಂಡು ದಟ್ಟವಾಗಿರುವ ಕಡೆ ಮಾತ್ರ ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೆ ಮುಚ್ಚಿಡಬೇಕಾಗುತ್ತದೆ. ತಿಳಿನೀರಿಗೆ ಪಾರದರ್ಶಕವಾದ, ಮಂದ ಬಣ್ಣಗಳೂ ಕದಡಿದ ನೀರಿಗೆ ಕಡುಬಣ್ಣಗಳೂ ಒಪ್ಪುತ್ತವೆ. ಬಣ್ಣದ ಬಗ್ಗೆ ಅದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯ ಆರಂಭದಲ್ಲಿಲ್ಲ. ಭಾರಕ್ಕೂ ಎರೆಗೂ ನಡುವಿನ ಅಂತರ ಮಾತ್ರ ನಿಜವಾಗಿ ಯೋಚಿಸತಕ್ಕ ಸಂಗತಿ. ಮೂವತ್ತು ಸೆಂಟಿಮೀಟರ್ ಅಂತರ ಆರಂಭಕ್ಕೆ ಸರಿ. ಆದರೆ ಮೀನು ಯಾವುದನ್ನು ತಿನ್ನುತ್ತಿದೆ, ಅದು ತಳದಿಂದ ಎಷ್ಟು ಎತ್ತರದಲ್ಲಿ ಇರುತ್ತದೆ ಎಂಬುದೇ ಕೊನೆಯ ಮಾನದಂಡ. ಉತ್ತರ ಅಮೆರಿಕದ ಮಹಾಸರೋವರಗಳು ಇದಕ್ಕೆ ಒಳ್ಳೆಯ ಉದಾಹರಣೆ. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಕಾಣಿಸಿಕೊಂಡಿತು, ಎರಡು ವರ್ಷಗಳ ನಂತರ ಅಲ್ಲಿಯ ನದಿಯಲ್ಲಿ ರೌಂಡ್ ಗೋಬಿ ಎಂಬ ಪುಟ್ಟ ಮೀನು ಸಿಕ್ಕಿತು. ಎರಡೂ ಕಪ್ಪುಸಮುದ್ರ ಹಾಗೂ ಕ್ಯಾಸ್ಪಿಯನ್ ಪ್ರದೇಶದ ಜೀವಿಗಳು, ಹಡಗುಗಳು ಸಮತೋಲಕ್ಕಾಗಿ ತುಂಬಿಕೊಂಡು ಬಂದ ನೀರಿನೊಂದಿಗೆ ಬಂದವು. ಚಿಪ್ಪುಜೀವಿಗಳು ನೀರನ್ನು ಸೋಸಿ ಸೋಸಿ ತಿಳಿಯಾಗಿಸಿದವು, ಗಾಳಿಚೀಲವಿಲ್ಲದ ಗೋಬಿಗಳು ತಳದ ಕಲ್ಲುಗಳ ಮೇಲೆ ಹರಡಿಕೊಂಡು ಸ್ಮಾಲ್‌ಮೌತ್ ಬ್ಯಾಸ್‌ಗೆ ಮುಖ್ಯ ಆಹಾರವಾದವು. ತಿಳಿನೀರಿನಲ್ಲಿ ದಪ್ಪ ದಾರ ಮೀನನ್ನು ಹೆದರಿಸುತ್ತದೆ, ತಳಕ್ಕೆ ಅಂಟಿದ ಬೇಟೆಯನ್ನು ಅನುಕರಿಸಲು ಎರೆ ತಳದ ಹತ್ತಿರವೇ ಇರಬೇಕಾಗುತ್ತದೆ. ಈರಿ, ಸೇಂಟ್ ಕ್ಲೇರ್ ಸರೋವರಗಳಲ್ಲಿ ಡ್ರಾಪ್ ಶಾಟ್ ಇಷ್ಟು ಗಟ್ಟಿಯಾಗಿ ಬೇರೂರಿದ್ದಕ್ಕೆ ಈ ಪರಿಸರ ಬದಲಾವಣೆಯೇ ದೊಡ್ಡ ಕಾರಣ. ಅದಕ್ಕೆ ವಿರುದ್ಧವಾಗಿ, ನೀರಿನ ನಡುಮಟ್ಟದಲ್ಲಿ ಗುಂಪಾಗಿ ಈಜುವ ಶಾಡ್ ಮೀನುಗಳನ್ನು ಹಿಂಬಾಲಿಸುವ ಬ್ಯಾಸ್‌ಗಳಿಗೆ ಅಂತರವನ್ನು ಒಂದು ಮೀಟರಿನವರೆಗೂ ಹೆಚ್ಚಿಸಬೇಕಾಗಬಹುದು.

ಎಲ್ಲಿ ಹಾಕಬೇಕು ಎಂಬುದಕ್ಕೆ ಋತುಮಾನ ಉತ್ತರ ಕೊಡುತ್ತದೆ. ವಸಂತದಲ್ಲಿ ನೀರು ಸುಮಾರು 15 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಬ್ಯಾಸ್‌ಗಳು ದಡದ ಹತ್ತಿರ ಮೊಟ್ಟೆಯಿಡುತ್ತವೆ, ಗಂಡು ಮೀನು ಗೂಡನ್ನು ಕಾಯುತ್ತದೆ. ಆ ಹೊತ್ತಿನಲ್ಲಿ ಕಾವಲು ಮೀನನ್ನು ಎಳೆದು ತೆಗೆದರೆ ಸನ್‌ಫಿಶ್‌ಗಳು ಮೊಟ್ಟೆಗಳನ್ನು ತಿಂದುಹಾಕುತ್ತವೆಯಾದ್ದರಿಂದ ಗೂಡಿನ ಮೀನುಗಳನ್ನು ಬಿಟ್ಟುಬಿಡಬೇಕು. ಡ್ರಾಪ್ ಶಾಟಿನ ನಿಜವಾದ ಕಾಲ ಬೇಸಿಗೆ ಮತ್ತು ಚಳಿಗಾಲ. ಬೇಸಿಗೆಯಲ್ಲಿ ಆಳವಾದ ಸರೋವರದ ನೀರು ಪದರಗಳಾಗಿ ಬೇರ್ಪಡುತ್ತದೆ: ಮೇಲೆ ಬೆಚ್ಚನೆಯ ಹಗುರ ನೀರು, ಕೆಳಗೆ ತಣ್ಣನೆಯ ಭಾರದ ನೀರು, ನಡುವೆ ಉಷ್ಣತೆ ಥಟ್ಟನೆ ಇಳಿಯುವ ತೆಳು ಪದರ, ಇದಕ್ಕೆ ಥರ್ಮೋಕ್ಲೈನ್ ಎನ್ನುತ್ತಾರೆ. ಅನೇಕ ಸರೋವರಗಳಲ್ಲಿ ಈ ಪದರದ ಕೆಳಗೆ ಆಮ್ಲಜನಕ ಕ್ಷೀಣಿಸುವುದರಿಂದ ಬ್ಯಾಸ್‌ಗಳು ಅದರ ಮೇಲೆ ಉಳಿಯುತ್ತವೆ, ಮತ್ತು ಆ ಮಟ್ಟದಲ್ಲಿ ತಳವನ್ನು ಸೇರುವ ದಿಬ್ಬ, ಇಳಿಜಾರಿನ ಅಂಚು, ನೀರೊಳಗೆ ಚಾಚಿದ ನೆಲದ ಮೂತಿ ಇವುಗಳ ಬಳಿ ಜಮಾಯಿಸುತ್ತವೆ. ದೋಣಿಯಲ್ಲಿರುವವರು ಶಬ್ದದ ಅಲೆಗಳಿಂದ ತಳವನ್ನು ತೋರಿಸುವ ಸೋನಾರ್ ಯಂತ್ರದಲ್ಲಿ ಮೀನನ್ನು ನೋಡಿ, ನೇರ ಕೆಳಗೆ ಭಾರವನ್ನು ಇಳಿಬಿಟ್ಟು, ಇಳಿಯುತ್ತಿರುವ ಎರೆಯನ್ನೂ ಅದರತ್ತ ಏರಿ ಬರುವ ಮೀನನ್ನೂ ಪರದೆಯಲ್ಲೇ ಕಾಣಬಲ್ಲರು. ದೋಣಿಯಿಲ್ಲದವರಿಗೆ ಕಟ್ಟೆ, ಸೇತುವೆಯ ಕಂಬ, ಕಲ್ಲುಪೇರಿಸಿದ ದಡ ಸಾಕು.

ಇನ್ನು ಕೈಯ ಕೆಲಸ. ಎಸೆದ ಮೇಲೆ ಭಾರ ತಳ ಮುಟ್ಟುವವರೆಗೆ ದಾರವನ್ನು ಸಡಿಲವಾಗಿ ಬಿಡಬೇಕು, ಆದರೆ ಕಣ್ಣು ದಾರದ ಮೇಲಿರಬೇಕು, ಏಕೆಂದರೆ ಎಷ್ಟೋ ಮೀನುಗಳು ಎರೆ ಇಳಿಯುತ್ತಿರುವಾಗಲೇ ಬಾಯಿ ಹಾಕುತ್ತವೆ. ತಳ ಸಿಗಬೇಕಾದ ಹೊತ್ತಿಗೆ ಮೊದಲೇ ದಾರ ನಿಂತರೆ ಅಥವಾ ಪಕ್ಕಕ್ಕೆ ಸರಿದರೆ ಅದು ಮೀನು. ತಳ ಸಿಕ್ಕ ಮೇಲೆ ದಾರವನ್ನು ಬಿಗಿಗೆ ತಂದು, ಕೋಲಿನ ತುದಿಯನ್ನು ಅತಿ ಸಣ್ಣಗೆ ನಡುಗಿಸಬೇಕು. ಈ ನಡುಕ ದಾರದ ಸಡಿಲನ್ನಷ್ಟೇ ಅಲ್ಲಾಡಿಸಬೇಕು, ಭಾರವನ್ನು ಅಲ್ಲ. ಭಾರ ತಳದಲ್ಲಿ ಊರಿ ನಿಂತಿರುವಾಗಲೇ ಎರೆ ಇದ್ದಲ್ಲಿಯೇ ಮಿಸುಕಾಡುವುದು ಬೇರೆ ಯಾವ ಜೋಡಣೆಯಲ್ಲೂ ಸುಲಭವಾಗಿ ಸಾಧ್ಯವಾಗದ ಸಂಗತಿ. ಬೇರೆ ವಿಧಾನಗಳಲ್ಲಿ ಎರೆಗೆ ಜೀವ ಬರಬೇಕಾದರೆ ಅದು ಮುಂದಕ್ಕೆ ಚಲಿಸಬೇಕು, ಚಲಿಸಿದಷ್ಟೂ ಮೀನಿನಿಂದ ದೂರವಾಗುತ್ತದೆ. ಇಲ್ಲಿ ಚಲನೆಯೂ ಸ್ಥಿರತೆಯೂ ಒಟ್ಟಿಗೆ ಇರುತ್ತವೆ. ಮೀನಿನ ಎರಡೂ ಪಕ್ಕಗಳಲ್ಲಿ ತಲೆಯಿಂದ ಬಾಲದವರೆಗೆ ಓಡುವ ಪಾರ್ಶ್ವರೇಖೆ ಎಂಬ ಇಂದ್ರಿಯ ನೀರಿನ ಸೂಕ್ಷ್ಮ ಕಂಪನಗಳನ್ನು ಗ್ರಹಿಸುತ್ತದೆ, ಆದ್ದರಿಂದ ನಡುಕ ಎಷ್ಟು ಸಣ್ಣದಾದರೂ ಹತ್ತಿರದ ಮೀನಿಗೆ ತಲುಪುತ್ತದೆ. ಹೊಸಬರಲ್ಲಿ ಸಾಮಾನ್ಯವಾಗಿ ಕಾಣುವ ದೋಷ ಅತಿಯಾದ ಆಡಿಸುವಿಕೆ. ಕೆಲವು ಕ್ಷಣ ನಡುಗಿಸಿ, ಅದಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ಹಿಡಿದಿರುವುದು ಒಳ್ಳೆಯ ಕ್ರಮ. ಚಳಿಗಾಲದಲ್ಲಿ ನಡುಕವೂ ಬೇಡ, ನೀರಿನ ಸಹಜ ಚಲನೆಯೇ ಮೆತ್ತನೆಯ ಹುಳುವನ್ನು ಆಡಿಸುತ್ತದೆ. ಅಲ್ಲಿ ಏನೂ ಆಗದಿದ್ದರೆ ಭಾರವನ್ನು ಒಂದು ಮೊಳ ಎಳೆದು ಮತ್ತೆ ನಿಲ್ಲಿಸಬೇಕು.

ಮೀನು ಹಿಡಿದಾಗ ಜಗ್ಗಿದ ಅನುಭವವಾಗಬೇಕೆಂದಿಲ್ಲ. ಅನೇಕ ಬಾರಿ ಕೋಲಿನ ತುದಿ ತುಸು ಭಾರವಾಗುತ್ತದೆ, ಒದ್ದೆ ಎಲೆಯೊಂದು ಸಿಕ್ಕಿಕೊಂಡಷ್ಟೇ. ಆಗ ಕೋಲನ್ನು ಜಾಡಿಸಿ ಎಳೆಯುವುದು ತಪ್ಪು, ತೆಳು ದಾರ ಹರಿಯುತ್ತದೆ, ಇಲ್ಲವೇ ತುಟಿಯಿಂದ ಕೊಕ್ಕೆ ಕಿತ್ತುಬರುತ್ತದೆ. ರೀಲನ್ನು ಬೇಗ ತಿರುಗಿಸಿ ಸಡಿಲನ್ನೆಲ್ಲ ಒಳಗೆ ತೆಗೆದುಕೊಂಡು ಕೋಲನ್ನು ಸಮನಾಗಿ ಮೇಲೆತ್ತಿದರೆ ತೆಳು ತಂತಿಯ ಚೂಪು ಕೊಕ್ಕೆ ತಾನಾಗಿ ಚುಚ್ಚಿಕೊಳ್ಳುತ್ತದೆ. ದೊಡ್ಡ ಮೀನು ಓಡುವಾಗ ದಾರವನ್ನು ಅಳತೆಯಾಗಿ ಬಿಟ್ಟುಕೊಡುವ ರೀಲಿನ ತಡೆಗೆ ಡ್ರ್ಯಾಗ್ ಎನ್ನುತ್ತಾರೆ. ಅದನ್ನು ದಾರದ ಬಲದ ನಾಲ್ಕನೆಯ ಒಂದು ಭಾಗಕ್ಕೆ ಮೊದಲೇ ಹೊಂದಿಸಿಟ್ಟಿರಬೇಕು. ನೇರ ಕೆಳಗೆ ಇಳಿಬಿಟ್ಟು ಹಿಡಿಯುವಾಗ ಎರೆ ಸುತ್ತುತ್ತ ಬರುವುದರಿಂದ ದಾರ ಮುರಿಗೊಳ್ಳುತ್ತದೆ. ಎರೆಯ ಮೂತಿಯನ್ನು ನಟ್ಟನಡುವೆ ಚುಚ್ಚುವುದು ಮತ್ತು ಲೀಡರಿನಲ್ಲಿ ಕೊಕ್ಕೆಗಿಂತ ಮೊಳದಷ್ಟು ಮೇಲೆ ಸಣ್ಣದೊಂದು ತಿರುಗಣಿ ಸೇರಿಸುವುದು ಇದಕ್ಕೆ ಪರಿಹಾರ.

ಆಳದಿಂದ ಮೀನನ್ನು ತೆಗೆಯುವವರು ತಿಳಿದಿರಲೇಬೇಕಾದ ಇನ್ನೊಂದು ವಿಷಯವಿದೆ, ಮತ್ತು ಆರಂಭಿಕರಿಗೆ ಹೇಳುವಾಗ ಇದನ್ನು ಬಿಟ್ಟುಬಿಡುವುದು ಸರಿಯಲ್ಲ. ಬ್ಯಾಸ್ ತನ್ನ ಮೈಯನ್ನು ನೀರಿನಲ್ಲಿ ತೂಗಿಸಿಕೊಳ್ಳುವುದು ಹೊಟ್ಟೆಯೊಳಗಿನ ಗಾಳಿಚೀಲದಿಂದ. ಕೆಲವು ಮೀನುಗಳಲ್ಲಿ ಈ ಚೀಲದಿಂದ ಗಂಟಲಿಗೆ ನಾಳವಿರುತ್ತದೆ, ಅವು ಗಾಳಿಯನ್ನು ಬಾಯಿಂದ ಹೊರಬಿಡಬಲ್ಲವು. ಬ್ಯಾಸ್‌ಗೆ ಆ ನಾಳವಿಲ್ಲ, ಚೀಲದ ಅನಿಲ ರಕ್ತದ ಮೂಲಕ ನಿಧಾನವಾಗಿಯೇ ಕಡಿಮೆಯಾಗಬೇಕು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಿರುತ್ತದೆ, ಆದ್ದರಿಂದ ಅಲ್ಲಿಂದ ಒಮ್ಮೆಲೇ ಮೇಲೆ ಬಂದ ಮೀನಿನ ಚೀಲದ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ, ಒಳಗಿನ ಅಂಗಗಳನ್ನು ಒತ್ತುತ್ತದೆ, ಮೀನು ಮತ್ತೆ ಮುಳುಗಲಾರದೆ ಹೊಟ್ಟೆ ಮೇಲಾಗಿ ತೇಲುತ್ತದೆ. ಹೊರಗೆ ಚೆನ್ನಾಗಿಯೇ ಕಂಡ ಮೀನೂ ಹೀಗೆ ಬಿಸಿಲಿನಲ್ಲಿ ತೇಲಿ ಸಾಯಬಹುದು. ಅನುಭವಿಗಳು ಸೂಜಿಯಿಂದ ಚೀಲದ ಗಾಳಿ ತೆಗೆಯುವುದುಂಟು, ಆದರೆ ಗುರಿ ತಪ್ಪಿದರೆ ಅಂಗಗಳಿಗೆ ಗಾಯವಾಗುತ್ತದೆಯಾದ್ದರಿಂದ ಹೊಸಬರು ಅದಕ್ಕೆ ಕೈಹಾಕಬಾರದು. ಭಾರ ಕಟ್ಟಿದ ಕ್ಲಿಪ್ಪಿನಿಂದ ಮೀನಿನ ದವಡೆ ಹಿಡಿದು ಆಳಕ್ಕೆ ಇಳಿಸಿ ಅಲ್ಲಿ ಬಿಡುವ ಸಾಧನಗಳು ಸಿಗುತ್ತವೆ, ಅವು ಹೆಚ್ಚು ಸುರಕ್ಷಿತ. ಎಲ್ಲಕ್ಕಿಂತ ಒಳ್ಳೆಯದು, ಮೀನನ್ನು ಮರಳಿ ಬಿಡುವ ಉದ್ದೇಶವಿದ್ದವರು ಎಂಟು ಒಂಬತ್ತು ಮೀಟರಿಗಿಂತ ಆಳದಲ್ಲಿ ಗಾಳ ಹಾಕದಿರುವುದು. ಮೀನನ್ನು ಒದ್ದೆ ಕೈಯಿಂದ ಮುಟ್ಟಬೇಕು, ದವಡೆ ಹಿಡಿದು ಎತ್ತುವಾಗ ಇನ್ನೊಂದು ಕೈಯಿಂದ ಹೊಟ್ಟೆಗೆ ಆಸರೆ ಕೊಡಬೇಕು, ಕೊಕ್ಕೆ ಗಂಟಲಿಗಿಳಿದಿದ್ದರೆ ಕೀಳುವ ಹಟ ಮಾಡದೆ ದಾರವನ್ನು ಕತ್ತರಿಸಿ ಬಿಡಬೇಕು.

ಮರಳಿ ಬಿಡುವುದು ಎಲ್ಲೆಡೆಯೂ ಧರ್ಮವಲ್ಲ ಎಂಬುದನ್ನು ಈ ವಿಧಾನದ ತವರಾದ ಜಪಾನೇ ತೋರಿಸುತ್ತದೆ. 2009ರಲ್ಲಿ ಕುರಿತಾ ಮನಾಬು ಎಂಬಾತ ಹತ್ತು ಕಿಲೋಗ್ರಾಂ ಮೀರಿದ ಲಾರ್ಜ್‌ಮೌತ್ ಹಿಡಿದು, ಜಾರ್ಜಿಯಾ ರಾಜ್ಯದಲ್ಲಿ 1932ರಲ್ಲಿ ಸ್ಥಾಪಿತವಾಗಿದ್ದ ವಿಶ್ವದಾಖಲೆಯನ್ನು ಸರಿಗಟ್ಟಿದ್ದು ಬೀವಾ ಸರೋವರದಲ್ಲಿ; ಅದೇ ಬೀವಾದಲ್ಲಿ ಹಿಡಿದ ಬ್ಯಾಸ್ ಮೀನನ್ನು ಮತ್ತೆ ನೀರಿಗೆ ಬಿಡುವುದನ್ನು ಶಿಗಾ ಪ್ರಾಂತ ನಿಷೇಧಿಸಿದೆ, ಏಕೆಂದರೆ ಅಲ್ಲಿಯ ಮೂಲ ಮೀನುಗಳನ್ನು ಅದು ತಿಂದು ಬೆಳೆದಿದೆ. 2005ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಕಾನೂನು ಜೀವಂತ ಬ್ಯಾಸ್ ಸಾಗಿಸುವುದನ್ನೂ ಬೇರೆ ನೀರಿಗೆ ಬಿಡುವುದನ್ನೂ ಅಪರಾಧವೆನ್ನುತ್ತದೆ. ಒಂದು ನೀರಿನ ಮೀನನ್ನು ಇನ್ನೊಂದು ನೀರಿಗೆ ಒಯ್ಯುವುದರ ಪರಿಣಾಮವನ್ನು ಟಿಲಾಪಿಯಾ ಮತ್ತು ಆಫ್ರಿಕನ್ ಕ್ಯಾಟ್‌ಫಿಶ್ ಕಂಡಿರುವ ಕರ್ನಾಟಕದ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬ್ಯಾಸ್ ಹಿಡಿಯುವ ಆಸೆಯುಳ್ಳವರು ಅದಿರುವಲ್ಲಿಗೆ ಹೋಗಬೇಕೇ ಹೊರತು ಅದನ್ನು ಇಲ್ಲಿಗೆ ತರುವ ಯೋಚನೆ ಸಲ್ಲದು.

ಅದಿರುವಲ್ಲಿ ಈಗಾಗಲೇ ನೆಲೆಸಿರುವ ಕನ್ನಡಿಗರ ಸಂಖ್ಯೆ ಕಡಿಮೆಯೇನಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಸ್, ಮಿಶಿಗನ್ ಮೊದಲಾದ ರಾಜ್ಯಗಳಲ್ಲಿ ಮನೆಯಿಂದ ಸ್ವಲ್ಪ ದೂರದಲ್ಲಿಯೇ ಬ್ಯಾಸ್ ಇರುವ ಸರೋವರವೋ ಜಲಾಶಯವೋ ಸಿಗುತ್ತದೆ. ಆದರೆ ಸಾರ್ವಜನಿಕ ನೀರಿನಲ್ಲಿ ಗಾಳ ಹಾಕಲು ಆಯಾ ರಾಜ್ಯದ ಪರವಾನಗಿ ಬೇಕು. ಕ್ಯಾಲಿಫೋರ್ನಿಯಾದಲ್ಲಿ 16 ವರ್ಷ ತುಂಬಿದವರಿಗೆ, ಟೆಕ್ಸಸ್ ಮತ್ತು ಮಿಶಿಗನ್‌ಗಳಲ್ಲಿ 17 ತುಂಬಿದವರಿಗೆ ಇದು ಅನ್ವಯಿಸುತ್ತದೆ. ಪರವಾನಗಿಯ ಹಣವೂ, 1950ರ ಕಾಯಿದೆಯಂತೆ ಗಾಳದ ಸಾಮಗ್ರಿಯ ಮೇಲೆ ವಸೂಲಾಗುವ ತೆರಿಗೆಯೂ ಮೀನುಗಳ ಮತ್ತು ಅವುಗಳ ನೆಲೆಯ ಸಂರಕ್ಷಣೆಗೆ ಹೋಗುತ್ತವೆ. ಎಷ್ಟು ಮೀನು ಇಟ್ಟುಕೊಳ್ಳಬಹುದು, ಎಷ್ಟು ಉದ್ದದ್ದನ್ನು ಬಿಡಬೇಕು, ಯಾವ ತಿಂಗಳು ಮುಟ್ಟಬಾರದು ಎಂಬ ನಿಯಮಗಳು ಸರೋವರದಿಂದ ಸರೋವರಕ್ಕೆ ಬೇರೆಯಾಗುವುದರಿಂದ, ಕೋಲು ಕೊಳ್ಳುವ ಮೊದಲು ಪರವಾನಗಿ ಪಡೆದು ಆ ವರ್ಷದ ನಿಯಮಪುಸ್ತಿಕೆಯನ್ನು ಓದಿಕೊಳ್ಳಬೇಕು.